ಬಟ್ಟೆ ಒಣಗಿಸಿ ಕೊಡಲಾಗುವುದು

ಮೊನ್ನೆ ಹೆಂಡತಿಯ ಕನ್ನಡಕ ಸರಿಮಾಡಿಸಲು ಚಿಕ್ಕಮಗಳೂರಿಗೆ ಹೋಗಿದ್ದೆವು. ಅಂಗಡಿಯ ಪಕ್ಕದಲ್ಲಿ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ನಿಂತಿತ್ತು. ಇಸ್ತ್ರಿಯವನು ಬಿಳಿ ಹಾಸಿಗೆ ಬಟ್ಟೆಯೊಂದರ ಮೇಲೆ ನೀರು ಚಿಮುಕಿಸಿ, ಕೆಂಡದ ಪೆಟ್ಟಿಗೆಯನ್ನು ಇಟ್ಟು ಎಳೆದ. ಒದ್ದೆ ಹತ್ತಿ ಬಿಸಿಯಾಗುವ ವಾಸನೆ ಎದ್ದಿತು. ನಾನು ನಿಂತುಬಿಟ್ಟೆ.

“ಯಾಕೆ, ಏನಾಯ್ತು?” ಎಂದು ಹೆಂಡತಿ ಕೇಳಿದಳು.

“ಏನಿಲ್ಲ” ಎಂದೆ. ನಿಜಕ್ಕೂ ಏನೂ ಆಗಿರಲಿಲ್ಲ. ಅತ್ತಿಗೆಯ ನೆನಪಾಯಿತು, ಅಷ್ಟೇ. ಆ ವಾಸನೆಗೆ ಸ್ವಲ್ಪ ಏಲಕ್ಕಿ ಸೇರಿದ್ದರೆ ಪೂರ್ತಿ ಅವರದೇ ಆಗುತ್ತಿತ್ತು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಕಳಸದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಅಣ್ಣ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಆಳುಗಳ ಹಾಜರಿ, ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ಲೆಕ್ಕ ಎಲ್ಲ ಅವನ ಕೈಯಲ್ಲಿತ್ತು. ನಾನು ಕಳಸ ಮತ್ತು ಹೊರನಾಡಿನ ನಡುವೆ ಜೀಪು ಓಡಿಸುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾಫಿಯ ಬೆಲೆ ನೆಲ ಕಚ್ಚಿದಾಗ ಎಸ್ಟೇಟಿನವರು ಅಣ್ಣನನ್ನು ಕರೆದು, ಬರುವ ತಿಂಗಳಿಂದ ಬರುವುದು ಬೇಡ ಎಂದರು. ಅವರೂ ಬೇಜಾರಿನಿಂದಲೇ ಹೇಳಿದರಂತೆ. ಅಣ್ಣ ಮನೆಗೆ ಬಂದು ಚಪ್ಪಲಿ ಬಿಟ್ಟು ಜಗುಲಿಯ ಬೆಂಚಿನ ಮೇಲೆ ಕೂತ. ಆಮೇಲೆ ತಿಂಗಳುಗಟ್ಟಲೆ ಹಾಗೆಯೇ ಕೂತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಮಲಗು ಎಂದರೆ ಮಲಗುತ್ತಿದ್ದ. ಮಾತು ಮಾತ್ರ ನಿಂತುಹೋಗಿತ್ತು.

ಅತ್ತಿಗೆ ಅವನನ್ನು ಎಬ್ಬಿಸಲು ಹೋಗಲಿಲ್ಲ. ಬೈಯಲೂ ಇಲ್ಲ.

ಒಂದು ದಿನ ಊಟ ಮಾಡುತ್ತಾ ನಾನು ಸುಮ್ಮನೆ ಒಂದು ಸುದ್ದಿ ಹೇಳಿದೆ. ಹೊರನಾಡಿನ ಲಾಡ್ಜೊಂದರ ಮ್ಯಾನೇಜರು ಆ ದಿನ ನನ್ನ ಜೀಪಿನಲ್ಲಿ ಬಂದಿದ್ದರು. ಮಳೆಗಾಲ ಬಂದರೆ ಹಾಸಿಗೆ ಬಟ್ಟೆ ಒಣಗುವುದೇ ಇಲ್ಲ, ದೇವರಿಗೆಂದು ದೂರದಿಂದ ಬಂದವರು ತಣ್ಣನೆ ಬಟ್ಟೆಯ ಮೇಲೆ ಮಲಗಲಾರದೆ ಜಗಳಕ್ಕೆ ಬರುತ್ತಾರೆ ಎಂದು ದಾರಿಯುದ್ದಕ್ಕೂ ಗೋಳು ಹೇಳಿಕೊಂಡಿದ್ದರು. ನಾನು ಅವರ ದನಿಯಲ್ಲೇ ಹೇಳಿ ತೋರಿಸಿದೆ. ಅಣ್ಣನ ಮಗಳು ನಕ್ಕಳು. ಅವಳಾಗ ಪ್ರೈಮರಿ ಶಾಲೆಗೆ ಹೋಗುತ್ತಿದ್ದಳು. ಅತ್ತಿಗೆ ನಗಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಜೀಪು ಒರೆಸುತ್ತಿದ್ದಾಗ ಹತ್ತಿರ ಬಂದು, “ಆ ಮ್ಯಾನೇಜರ್ರು ಒಣಗಿಸಿ ಕೊಟ್ಟರೆ ತಗೊಳ್ತಾರಾ, ಕೇಳು ಮಾರಾಯ” ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ.

ಹೊರನಾಡಿನ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಏಲಕ್ಕಿ ವ್ಯಾಪಾರದ ಸಾಹೇಬರದೊಂದು ಡ್ರೈಯರ್ ಮನೆ ಇತ್ತು. ಕಲ್ಲಿನ ಗೋಡೆಯ ಒಂದೇ ಕೋಣೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ಬಿಸಿಯು ದಪ್ಪ ತಗಡಿನ ಕೊಳವೆಯೊಳಗೆ ಹರಿದು ಕೋಣೆಯನ್ನೆಲ್ಲ ಸುತ್ತಿ ಬರುತ್ತಿತ್ತು, ಹೊಗೆ ಮಾತ್ರ ಹಿಂದಿನ ಚಿಮಣಿಯಿಂದ ಹೊರಗೆ ಹೋಗುತ್ತಿತ್ತು. ಏಲಕ್ಕಿ ಗಿಡಗಳು ರೋಗ ಬಂದು ಹಾಳಾದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಅತ್ತಿಗೆ ನನ್ನನ್ನು ಕರೆದುಕೊಂಡು ಸಾಹೇಬರ ಅಂಗಡಿಗೆ ಹೋದರು.

“ಸಾಹೇಬ್ರೇ, ನಿಮ್ಮ ಡ್ರೈಯರ್ ಮನೆ ಮಳೆಗಾಲಕ್ಕೆ ಬಾಡಿಗೆಗೆ ಬೇಕಿತ್ತು.”

“ಏಲಕ್ಕಿ ಎಲ್ಲುಂಟಮ್ಮಾ ಈಗ? ಏನು ಒಣಗಿಸ್ತೀರಿ?”

“ಬಟ್ಟೆ.”

ಸಾಹೇಬರು ನಗಲು ಶುರುಮಾಡಿ ಕೆಮ್ಮು ಬಂದು ನಿಲ್ಲಿಸಿದರು. ಅತ್ತಿಗೆಯ ಮುಖ ನೋಡಿದರು. ಆಮೇಲೆ ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದು ಕೊಟ್ಟು, “ಈ ಮಳೆಗಾಲ ಬಾಡಿಗೆ ಬೇಡ. ನಡೆದರೆ ಮುಂದೆ ನೋಡುವ” ಎಂದರು.

ಮನೆಯಲ್ಲಿ ಹೇಳಿದಾಗ ಅಣ್ಣ ಬಾಯಿ ಬಿಟ್ಟ. ಎಷ್ಟೋ ದಿನಗಳ ಮೇಲೆ ಬಿಟ್ಟ ಬಾಯಿ ಅದು. “ಊರವರ ಬಟ್ಟೆ ಮುಟ್ಟೋ ಜನವಾ ನಾವು?”

“ಒಗೆಯೋದಲ್ಲ, ಒಣಗಿಸೋದು.”

“ಎರಡೂ ಒಂದೇ.”

“ಹಾಗಾದ್ರೆ ಒಂದೇ ಇರ್ಲಿ” ಎಂದು ಅತ್ತಿಗೆ ಒಳಗೆ ಹೋದರು.

ಮೇ ತಿಂಗಳಲ್ಲೇ ಅವರು ಸೌದೆ ತರಿಸಿ ಡ್ರೈಯರ್ ಮನೆಯ ಪಕ್ಕದ ಮಾಡಿನ ಕೆಳಗೆ ಒಟ್ಟಿಸಿದರು. ಕೊಳವೆಯ ತೂತುಗಳಿಗೆ ತಗಡು ಹೊಡೆಸಿದರು. ಬಿದಿರಿನ ಗಳ ಕಟ್ಟಿಸಿದರು. ಏಲಕ್ಕಿ ಹರಡುತ್ತಿದ್ದ ಹಳೆಯ ತಟ್ಟೆಗಳನ್ನು ಹೊರಗೆ ಹಾಕಿದರೂ ಅದರ ವಾಸನೆ ಗೋಡೆಗೆ ಇಳಿದುಬಿಟ್ಟಿತ್ತು, ಹೋಗಲಿಲ್ಲ. ನಾನು ಒಂದು ತಗಡಿನ ಮೇಲೆ ಬೋರ್ಡು ಬರೆಸಿ ತಂದೆ. “ಬಟ್ಟೆ ಒಣಗಿಸಿ ಕೊಡಲಾಗುವುದು.” ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಓದಿ ನಗುತ್ತಿದ್ದರು.

ಮೊದಲ ವಾರವೇ ಕೆಟ್ಟಿತು. ಮ್ಯಾನೇಜರು ಒಪ್ಪಿ ಕೊಟ್ಟ ಹಾಸಿಗೆ ಬಟ್ಟೆಗಳನ್ನು ನಾನು ಲಾಡ್ಜಿನಿಂದ ತಂದಿದ್ದೆ, ಅತ್ತಿಗೆ ಅವನ್ನು ಕೊಳವೆಯ ತೀರ ಹತ್ತಿರ ಹಾಕಿದ್ದರು. ಉರಿ ಜಾಸ್ತಿಯಾಗಿ ಅಂಚಿನಲ್ಲೆಲ್ಲ ಕಂದು ಬಣ್ಣ ಹತ್ತಿತು. ನಾನು ಹೆದರಿದೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅತ್ತಿಗೆ ಸುಟ್ಟ ಭಾಗ ಕತ್ತರಿಸಿ ತೆಗೆದು, ಉಳಿದದ್ದರಲ್ಲಿ ದಿಂಬಿನ ಚೀಲ ಹೊಲಿದರು. ಮನೆಯಲ್ಲಿದ್ದ, ತವರಿನವರು ಕೊಟ್ಟಿದ್ದ ಹೊಸ ಹಾಸಿಗೆ ಬಟ್ಟೆಗಳನ್ನೂ ಸೇರಿಸಿಕೊಂಡು ನನ್ನ ಜೀಪಿನಲ್ಲೇ ಹೊರನಾಡಿಗೆ ಬಂದರು. ಮ್ಯಾನೇಜರ ಮುಂದೆ ಗಂಟು ಇಟ್ಟು, “ನಿಮ್ಮದು ಸುಟ್ಟೆ. ಇದು ನಮ್ಮನೇದು. ದಿಂಬಿನ ಚೀಲ ಮಾತ್ರ ನಿಮ್ಮ ಬಟ್ಟೇದೇ. ನಾಳೆ ಬಟ್ಟೆ ಕಳಿಸ್ತೀರೋ ಇಲ್ವೋ ಈಗಲೇ ಹೇಳಿ, ಸೌದೆ ದಂಡ ಆಗ್ಬಾರ್ದು” ಎಂದರು. ಆ ಮನುಷ್ಯ ಮಾರನೆಯ ದಿನವೂ ಬಟ್ಟೆ ಕಳಿಸಿದರು.

ಊರಿನವರು ಮಾತ್ರ ಬರಲಿಲ್ಲ. ಯಾರ ಯಾರದ್ದೋ ಬಟ್ಟೆಯ ಜೊತೆ ನಮ್ಮ ಬಟ್ಟೆಯೇ ಎಂದು ಹಿಂದೆ ಸರಿದರು. ಅತ್ತಿಗೆ ಬಾಣಂತಿಯರಿರುವ ಮನೆಗಳನ್ನು ವಿಚಾರಿಸಿಕೊಂಡು ತಾವೇ ಹೋದರು. ಕೂಸಿನ ಬಟ್ಟೆ ಕೊಡಿ, ಒಣಗಿಸಿ ಸಂಜೆಗೆ ತಂದುಕೊಡ್ತೇನೆ, ಏನೂ ಕೊಡೋದು ಬೇಡ ಎಂದರು. ಆ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಹೊಗೆ ಹಿಡಿದ ಬಟ್ಟೆಯನ್ನೇ ಕೂಸಿಗೆ ಸುತ್ತುತ್ತಿದ್ದರು. ಸಂಜೆ ಬೆಚ್ಚಗೆ, ಏಲಕ್ಕಿಯ ವಾಸನೆಯ ಮೆತ್ತನೆ ಬಟ್ಟೆ ಬಂದಾಗ... ಆಮೇಲೆ ಹೇಳಬೇಕಾಗಿರಲಿಲ್ಲ. ಶಾಲೆಯ ಸಮವಸ್ತ್ರ ಬಂತು, ಸ್ವೆಟರು ಬಂತು, ಕಂಬಳಿ ಬಂತು. ಯಾರದು ಯಾವುದೆಂದು ತಿಳಿಯಲು ಅಂಚಿಗೆ ಬಣ್ಣದ ನೂಲು ಕಟ್ಟುತ್ತಿದ್ದರು, ಮನೆಗೊಂದು ಬಣ್ಣ. ಮಡಿ ಹೆಂಗಸೊಬ್ಬರು, ವಯಸ್ಸಾದವರು, ತಮ್ಮ ಸೀರೆಯನ್ನು ಬೇರೆಯದೇ ಗಳದ ಮೇಲೆ ಕೋಲಿನಿಂದಲೇ ಹಾಕಬೇಕು ಎಂದು ಹೇಳಿ ಕಳಿಸಿದರು. ಅತ್ತಿಗೆ ಅವರಿಗೊಂದು ಗಳವನ್ನೇ ಬಿಟ್ಟುಕೊಟ್ಟರು. ಕೋಲಿನಿಂದಲೇ ಹಾಕುತ್ತಿದ್ದರು ಕೂಡ, ಯಾರೂ ನೋಡದಿದ್ದಾಗಲೂ.

ಎರಡನೆಯ ಮಳೆಗಾಲದಲ್ಲಿ ಆ ಲಾಡ್ಜಿನವರು, ಬೇರೆ ಯಾರದ್ದೂ ತಗೋಬೇಡಿ, ಪೂರ್ತಿ ನಾವೇ ತುಂಬಿಸ್ತೇವೆ ಎಂದರು. ನನಗೆ ಒಳ್ಳೆಯದೆನಿಸಿತು. ಅತ್ತಿಗೆ ಒಪ್ಪಲಿಲ್ಲ. “ಅವರು ನಾಳೆ ಬೇರೆ ದಾರಿ ಮಾಡ್ಕೊಳ್ತಾರೆ. ಕೂಸುಗಳು ಪ್ರತಿ ವರ್ಷ ಹುಟ್ತಾವೆ” ಎಂದರು. ಬಿಸಿ ಕೋಣೆಯೊಳಗೆ ಹೋಗಿ ಬಟ್ಟೆ ತಿರುವಿ ಹಾಕುವುದು, ಬೆವರಿಕೊಂಡು ಮಳೆಯ ಗಾಳಿಗೆ ಹೊರಬರುವುದು, ಮತ್ತೆ ಒಳಗೆ. ದಿನವಿಡೀ ಅದೇ. ಅವರ ತೋಳುಗಳಲ್ಲಿ ಕೊಳವೆ ತಾಗಿದ ಕಲೆಗಳಿದ್ದವು.

ಅಣ್ಣ ಅಲ್ಲಿಯವರೆಗೂ ಡ್ರೈಯರ್ ಮನೆಯ ಕಡೆ ಕಾಲಿಟ್ಟಿರಲಿಲ್ಲ. ಮೂರನೆಯ ಮಳೆಗಾಲದಲ್ಲಿ ಅತ್ತಿಗೆಗೆ ಜ್ವರ ಬಂದು ಏಳಲಾಗಲಿಲ್ಲ. ಒಳಗೆ ಬಟ್ಟೆ ತುಂಬಿತ್ತು. ಅವರು ಮಲಗಿದಲ್ಲಿಂದಲೇ ನನ್ನನ್ನು ಕರೆದು ಒಲೆ ಹಚ್ಚಲು ಹೇಳುತ್ತಿದ್ದರು. ನನಗೋ ಹೊರನಾಡಿಗೆ ಹೋಗುವವರು ಕಾದಿದ್ದರು. ಅಣ್ಣ ಜಗುಲಿಯಿಂದ ಎದ್ದ. ಕೊಡೆ ತೆಗೆದುಕೊಂಡ. ರಸ್ತೆಗಿಳಿದು ಡ್ರೈಯರ್ ಮನೆಯ ಕಡೆ ನಡೆದ.

ಅತ್ತಿಗೆಗೆ ಜ್ವರ ಬಿಟ್ಟ ಮೇಲೂ ಅವನು ಹೋಗುವುದನ್ನು ನಿಲ್ಲಿಸಲಿಲ್ಲ. ಉರಿ ಎಷ್ಟಿರಬೇಕು ಎಂಬುದು ಅವನಿಗೆ ಬೇಗ ಹಿಡಿತಕ್ಕೆ ಬಂತು. ಸಂಜೆ ಜೀಪು ನಿಲ್ಲಿಸಿದಾಗ ಇಬ್ಬರೂ ಒಲೆಯ ಮುಂದೆ ಕೂತು ಏನೋ ಮಾತಾಡುತ್ತಿರುವುದು ಕಾಣುತ್ತಿತ್ತು. ಏನು ಮಾತಾಡುತ್ತಿದ್ದರೋ... ಹತ್ತಿರ ಹೋದರೆ ಅದು ಯಾವಾಗಲೂ ಸೌದೆಯ ವಿಷಯವಾಗಿರುತ್ತಿತ್ತು.

ನಾಲ್ಕನೆಯ ಮಳೆಗಾಲದ ಒಂದು ಬೆಳಿಗ್ಗೆ ಅಣ್ಣ ಒಲೆ ಹಚ್ಚಿ ತಿಂಡಿಗೆ ಮನೆಗೆ ಬಂದಿದ್ದ. ಅತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವರು ಎದೆ ಒತ್ತಿಕೊಂಡು ಗೋಡೆಗೆ ಒರಗಿದರು. ಕಳಸದ ಡಾಕ್ಟರು ನೋಡಿ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು. ಜೀಪಿನ ಹಿಂದಿನ ಸೀಟಿನಲ್ಲಿ ಅಣ್ಣ ಅವರನ್ನು ಹಿಡಿದುಕೊಂಡಿದ್ದ. ನಾನು ಓಡಿಸುತ್ತಿದ್ದೆ. ಮೂಡಿಗೆರೆಯ ರಸ್ತೆಯಲ್ಲಿ ಒಂದು ಮರ ಅಡ್ಡ ಬಿದ್ದಿತ್ತು. ಜನ ಗರಗಸ ಹಿಡಿದು ಕೊಯ್ಯುತ್ತಿದ್ದರು. “ಸ್ವಲ್ಪ ತಡೀರಿ, ಆಯ್ತು, ಆಯ್ತು” ಎನ್ನುತ್ತಿದ್ದರು. ನಾನು ಇಳಿದು ಅವರ ಜೊತೆ ಕೊಂಬೆ ಎಳೆದೆ. ದಾರಿ ಬಿಟ್ಟಿತು. ಓಡಿಬಂದು ಜೀಪು ಹತ್ತಿ ಚಾವಿ ತಿರುಗಿಸಿದೆ.

ಹಿಂದಿನಿಂದ ಅಣ್ಣ, “ಮನೆಗೆ ತಿರುಗಿಸು” ಎಂದ.

ನಾನು ಹಿಂದೆ ನೋಡಲಿಲ್ಲ. ಅಲ್ಲಿ ಜೀಪು ತಿರುಗಿಸಲು ಜಾಗವಿರಲಿಲ್ಲ. ಹಿಂದೆ ಮುಂದೆ ಮಾಡಿ, ಚರಂಡಿಗೆ ಇಳಿಯದ ಹಾಗೆ ನೋಡಿಕೊಂಡು ತಿರುಗಿಸಿದೆ. ಆ ತಿರುಗಿಸಿದ್ದು ಚೆನ್ನಾಗಿ ನೆನಪಿದೆ. ಬೇರೆ ಹೆಚ್ಚೇನೂ ನೆನಪಿಲ್ಲ.

ಮನೆ ಮುಟ್ಟುವಾಗ, ಅತ್ತಿಗೆಯನ್ನು ಕರೆದೊಯ್ದ ಸುದ್ದಿ ಕೇಳಿ ಬಂದಿದ್ದ ಸಾಹೇಬರು ಅಂಗಳದಲ್ಲಿದ್ದರು. ಅಣ್ಣ ಇಳಿದವನೇ ಅವರಿಗೆ ಹೇಳಿದ ಮೊದಲ ಮಾತು, “ಒಳಗೆ ಬಟ್ಟೆ ಉಂಟು.”

“ಗೊತ್ತುಂಟು. ನೀವು ಯಾರೂ ಮುಟ್ಟಬೇಡಿ. ಸೂತಕದ ಕೈ ಅಂತ ಜನ ತಗೊಳ್ಳಲ್ಲ. ನಾನು, ನಮ್ಮನೆಯವ್ರು ನೋಡ್ಕೊಳ್ತೇವೆ. ಯಾವ ಬಣ್ಣ ಯಾರದು, ಅದೊಂದು ಹೇಳಿ.”

ಅಣ್ಣ ಹೇಳಿದ. ಹಸಿರು ಆ ಮನೆ, ಕೆಂಪು ಈ ಮನೆ, ಹಳದಿ ಬಾಣಂತಿ ಮನೆ. ಎಲ್ಲಿಯೂ ತಪ್ಪಲಿಲ್ಲ. ಅಷ್ಟರಲ್ಲಿ ಜನ ಸೇರಿದ್ದರು, ಸೌದೆಯ ಮಾತು ಬಂತು. ಆ ಮಳೆಯಲ್ಲಿ ಚಿತೆಗೆ ಒಣ ಸೌದೆ ಎಲ್ಲಿಂದ ತರುವುದು? ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ಬೇಸಿಗೆಯಲ್ಲಿ ಒಟ್ಟಿಸಿದ್ದನ್ನೇ ನನ್ನ ಜೀಪಿಗೆ ತುಂಬಿದರು. ಸ್ವಲ್ಪ ಸೌದೆಯನ್ನು ಸಾಹೇಬರು ಒಲೆಗೆಂದು ಉಳಿಸಿಕೊಂಡರು, ಒಳಗಿನ ಬಟ್ಟೆ ಇನ್ನೂ ಅರ್ಧ ಒದ್ದೆ ಇತ್ತು. ನಾವು ಸ್ಮಶಾನಕ್ಕೆ ಹೊರಟಾಗ ಡ್ರೈಯರ್ ಮನೆಯ ಚಿಮಣಿಯಿಂದ ಹೊಗೆ ಬರುತ್ತಿತ್ತು.

ಸಂಜೆ ಸಾಹೇಬರೂ ಅವರ ಹೆಂಡತಿಯೂ ಮನೆಮನೆಗೆ ಬಟ್ಟೆ ಮುಟ್ಟಿಸಿದರು. ಇದನ್ನು ಅವರೇ ನನಗೆ ಬಹಳ ದಿನಗಳ ಮೇಲೆ ಹೇಳಿದ್ದು. ಒಂದು ಮನೆಯವರು ಕೈಗೆ ತಗೊಳ್ಳದೆ, ಬೇಲಿ ಮೇಲೆ ಹಾಕಿ ಹೋಗಿ ಎಂದರಂತೆ. ಮಳೆ ಸುರಿಯುತ್ತಿತ್ತು. ಸಾಹೇಬರು ಬೇಲಿಯ ಮೇಲೆ ಹಾಕಿಯೇ ಬಂದರಂತೆ. ಆ ಮಡಿ ಹೆಂಗಸು ಮಾತ್ರ ಮೆಟ್ಟಿಲಿಳಿದು ಬಂದು, ಸೀರೆಯನ್ನು ಸಾಹೇಬರ ಕೈಯಿಂದಲೇ ಇಸಿದುಕೊಂಡು, “ಎಲ್ಲ ಮುಗೀತಾ?” ಎಂದು ಕೇಳಿ, ಅಲ್ಲೇ ಒದ್ದೆಯಾಗುತ್ತಾ ನಿಂತರಂತೆ.

ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ ಅಣ್ಣ ಮತ್ತೆ ಒಲೆ ಹಚ್ಚಿದ. ಇನ್ನೂ ಒಂದೆರಡು ಮಳೆಗಾಲ ನಡೆಸಿದ. ಲಾಡ್ಜಿನವರು ಬಟ್ಟೆ ಒಣಗಿಸುವ ಯಂತ್ರ ತರಿಸಿಕೊಂಡರು. ಅತ್ತಿಗೆ ಹೇಳಿದ ಹಾಗೆ ಕೂಸುಗಳ ಬಟ್ಟೆ ಮಾತ್ರ ಬರುತ್ತಿತ್ತು. ಆದರೆ ಬಾಣಂತಿ ಮನೆಯ ಒಳಗೆ ಹೋಗಿ ಕೇಳುವುದು ಅಣ್ಣನ ಕೈಲಾಗುವ ಕೆಲಸವಾಗಿರಲಿಲ್ಲ. ಒಂದು ವರ್ಷ ಮೇ ತಿಂಗಳು ಬಂತು, ಅವನು ಸೌದೆಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೀಗೆ ಅದು ನಿಂತಿತು. ರಸ್ತೆ ಅಗಲ ಮಾಡುವಾಗ ಆ ಕೋಣೆಯನ್ನೂ ಕೆಡವಿದರು. ಸಾಹೇಬರು ಅದಕ್ಕೆ ಮೊದಲೇ ತೀರಿಕೊಂಡಿದ್ದರು.

ಚಿಕ್ಕಮಗಳೂರಿನಿಂದ ವಾಪಸು ಬಂದ ದಿನವೇ ಶಿವಮೊಗ್ಗದಿಂದ ಅಣ್ಣನ ಮಗಳ ಫೋನು ಬಂತು. ಅವಳಿಗೆ ಈಗ ಹತ್ತಿರ ಹತ್ತಿರ ಅತ್ತಿಗೆಯ ಆಗಿನ ವಯಸ್ಸು. ಕೆಲಸಕ್ಕೆ ಹೋಗುವ ಹೆಂಗಸರಿಗೆ ತರಕಾರಿ ಹೆಚ್ಚಿ, ಕಾಯಿ ತುರಿದು ಕೊಡುವ ಒಂದು ಸಣ್ಣ ವ್ಯಾಪಾರ ಶುರುಮಾಡಬೇಕೆಂದಿದ್ದಾಳೆ. ಗಂಡನ ಮನೆಯವರಿಗೆ ಅಷ್ಟು ಇಷ್ಟವಿಲ್ಲ. “ಅಪ್ಪಾ, ಅಮ್ಮ ಹೇಗೆ ಶುರು ಮಾಡಿದ್ಲು?” ಎಂದು ಕೇಳಿದಳಂತೆ. ಅಣ್ಣ ಫೋನನ್ನು ನನ್ನ ಕೈಗೆ ಕೊಟ್ಟು, “ನೀನೇ ಹೇಳು” ಎಂದ.

ನಾನು ಹೇಳಿದೆ. ಮ್ಯಾನೇಜರ ಗೋಳು, ಸಾಹೇಬರ ನಗು, ಸುಟ್ಟ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಬಾಣಂತಿ ಮನೆಗಳು. ಅಣ್ಣ ಎದುರಿಗೆ ಕೂತು, ಯಾರದೋ ಮನೆಯ ಸಂಗತಿ ಕೇಳುವವನ ಹಾಗೆ ಕೇಳುತ್ತಿದ್ದ. ಜ್ವರ ಬಂದ ಮಳೆಗಾಲದವರೆಗೆ ಬಂದು ನಿಲ್ಲಿಸಿದೆ.

“ಮುಂದಿಂದು ನಿಂಗೆ ಗೊತ್ತಲ್ಲ” ಎಂದೆ.

“ನಂಗೆ ಗೊತ್ತಿದ್ದಿದ್ದು ಮುಂದಿಂದು ಮಾತ್ರ ಚಿಕ್ಕಪ್ಪ” ಎಂದಳು. “ಇದೆಲ್ಲ ಯಾರೂ ಹೇಳಿರಲಿಲ್ಲ.”

ಫೋನು ಇಟ್ಟ ಮೇಲೆ ಅಣ್ಣ, “ಏನಂತೆ?” ಎಂದ.

“ಶುರು ಮಾಡ್ತಾಳಂತೆ.”

ಅವನು ತಲೆಯಾಡಿಸಿದ. ಹೆಂಡತಿ ಊಟಕ್ಕೆ ಕರೆದಳು. ಇಬ್ಬರೂ ಎದ್ದು ಹೋಗಿ ಕೂತೆವು. ಇಷ್ಟು ವರ್ಷದಲ್ಲಿ ಅತ್ತಿಗೆಯ ಮಾತನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಆಡಿದ್ದಿಲ್ಲ. ಅವತ್ತೂ ಆಡಲಿಲ್ಲ.