ಗುಂಡುಕಲ್ಲಿನ ಸದ್ದು

ಕಲ್ಲಿಗೆ ಕಲ್ಲು ಬಡಿಯುವ ಸದ್ದು ಎಲ್ಲಿ ಕೇಳಿದರೂ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಶರಾವತಿಗೆ ಅಣೆಕಟ್ಟು ಕಟ್ಟಿ ನಮ್ಮ ಹುಣಸೆಬೈಲು ಮುಳುಗುವಾಗ ನಾನಿನ್ನೂ ಸಣ್ಣವಳು. ಲಾರಿಗೆ ಸಾಮಾನು ಹೇರುವ ದಿನ ಅಪ್ಪ, ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲನ್ನು ಕೀಳಲು ಹಾರೆ ತಂದ. ಅಜ್ಜಿ ಅಡ್ಡ ನಿಂತಳು. "ಹೊಳೆ ಏರ್ತದೆ, ಇಳೀತದೆ. ವಾಪಸ್ ಬಂದಾಗ ಎಂತದ್ರಲ್ಲಿ ರುಬ್ಬದು?" ಹೊಳೆದಂಡೆಯಲ್ಲೇ ಬಾಳಿದವಳಿಗೆ ಏರಿದ ನೀರು ಇಳಿಯದೇ ಉಳಿದೀತು ಎಂಬುದು ತಲೆಗೇ ಹೋಗಲಿಲ್ಲ. ಒರಳು ಅಲ್ಲೇ ಉಳಿಯಿತು. ಅದರೊಳಗೆ ತಿರುಗುವ ಗುಂಡುಕಲ್ಲು ಮಾತ್ರ ಅಜ್ಜಿಯ ಮಡಿಲಲ್ಲಿ ಕೂತು ಆನಂದಪುರಕ್ಕೆ ಬಂತು. ಅರ್ಧ ಕಲ್ಲು ಹೊತ್ತು ಊರು ಬಿಟ್ಟವರನ್ನು ನೀವು ಬೇರೆಲ್ಲಿ ಕಂಡೀರಿ!

ಅಪ್ಪ ಸಂತೆಯಿಂದ ಹೊಸ ಒರಳು ತಂದ. ಅದರ ಜೊತೆ ಬಂದ ಗುಂಡನ್ನು ಅಜ್ಜಿ ಹಿತ್ತಲಿಗೆ ಉರುಳಿಸಿ, ಊರಿನದನ್ನೇ ಅದರಲ್ಲಿಟ್ಟಳು. ಒರಳಿನ ಗುಳಿ ಕಿರಿದು. ತಿರುಗಿಸಿದಾಗಲೆಲ್ಲ ಗುಂಡು ಅಂಚಿಗೆ ಬಡಿದು ಟಕ್ ಟಕ್ ಎನ್ನುತ್ತಿತ್ತು. "ಇಲ್ಲಿದಲ್ಲ ಮಗಾ, ಅದ್ಕೇ ಬಡ್ಕಣ್ತದೆ" ಎನ್ನುತ್ತಿದ್ದಳು ಅಜ್ಜಿ. ನೀರಿನಡಿಯ ಒರಳು ಅದನ್ನು ಕರೆಯುತ್ತಿದೆ ಎಂದು ನಾನು ನಂಬಿದ್ದೆ. ಅಕ್ಕಿ ರುಬ್ಬುವ ಸಂಜೆಗಳಲ್ಲಿ ಅಡುಗೆಮನೆಗೆ ಕಾಲಿಡಲೂ ಹೆದರುತ್ತಿದ್ದೆ. ಶಾಲೆಯಲ್ಲಿ ಊರು ಕೇಳಿದರು, ಹುಣಸೆಬೈಲು ಎಂದೆ. "ಅಲ್ಲೀಗ ಮೀನಿಗೆ ಪಾಠ ಹೇಳ್ತಾರಾ?" ಎಂದು ಹಿಂದಿನ ಬೆಂಚಿನವರು ನಕ್ಕರು. ಮುಳುಗಡೆಯವಳು ಎಂಬುದೇ ನನ್ನ ಹೆಸರಾಯಿತು. ಅಳುತ್ತಾ ಬಂದವಳ ಕಣ್ಣೊರೆಸಿ ಅಜ್ಜಿ ಹೇಳಿದಳು: "ಯಾರು ಕೇಳಿದ್ರೂ ಊರ ಹೆಸ್ರು ಬದ್ಲಿಸಬ್ಯಾಡ. ನಾವೂ ಬಿಟ್ರೆ ಅದಕ್ಯಾರಿದಾರೆ?" ನಾನು ಬದಲಿಸಲಿಲ್ಲ. ಅಜ್ಜಿ ಹೋದ ಮೇಲೂ, ಮದುವೆಯಾಗಿ ಅದೇ ಆನಂದಪುರದಲ್ಲಿ ಮಕ್ಕಳನ್ನು ಹೆತ್ತ ಮೇಲೂ, ನನ್ನೂರು ಹುಣಸೆಬೈಲೇ. ಗುಂಡು ಬಡಿದುಕೊಳ್ಳುವುದನ್ನು ಯಾವಾಗ ನಿಲ್ಲಿಸಿತೋ ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಈ ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಿದೆ ಎಂದು ಕೇಳಿ, ಗುಂಡುಕಲ್ಲನ್ನು ಮಗಳ ಕಾರಿನಲ್ಲಿಟ್ಟುಕೊಂಡು ಹೋದೆ. ಬಿರುಕು ಬಿಟ್ಟ ಕೆಸರಿನ ನಡುವೆ ನಮ್ಮ ಮನೆಯ ಪಾಯ ಕಾಣುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಒರಳು ಹಾಗೇ ಇತ್ತು. ಅಜ್ಜಿ ಹೇಳಿದಂತೆ ನೀರು ಇಳಿದಿತ್ತು, ನಾನು ವಾಪಸ್ ಬಂದಿದ್ದೆ. ಕೈಯಿಂದಲೇ ಮಣ್ಣು ತೋಡಿ, ಗುಂಡನ್ನು ಒಳಗಿಟ್ಟು ತಿರುಗಿಸಿದೆ.

ಟಕ್. ಟಕ್.

ಇಷ್ಟು ವರ್ಷ ಸವೆದು ಸವೆದು ಅದು ಆನಂದಪುರದ ಒರಳಿಗೆ ಹೊಂದಿಕೊಂಡುಬಿಟ್ಟಿತ್ತು. ಈಗ ತನ್ನ ಸ್ವಂತ ಒರಳಿನಲ್ಲೇ ಬಡಿದುಕೊಳ್ಳುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಬಲೆ ಹೊತ್ತು ನೀರಿನ ಕಡೆ ಹೊರಟಿದ್ದವನೊಬ್ಬ ನಿಂತು ನೋಡಿದ. "ಯಾವೂರಾತು ಅಮ್ಮಾ?"

ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತೇ, "ಆನಂದಪುರ" ಎಂದೆ.