ಕಾಕುವಿನ ಬಿಸಿಲಿಗೆ ಬಂದ ಡ್ರೋನ್

ಮೊನ್ನೆ ಗಿರಣಿಯಲ್ಲಿ ಜೋಳ ಬೀಸಿಸಲು ನಿಂತಿದ್ದೆ. ಪಕ್ಕದ ಖಾರ ಕುಟ್ಟುವ ಯಂತ್ರದಲ್ಲಿ ಯಾರೋ ಸೀಗೆಕಾಯಿ ಪುಡಿ ಮಾಡಿಸುತ್ತಿದ್ದರು. ಆ ಘಾಟಿಗೆ ಎಲ್ಲರೂ ಸೀನುತ್ತಿದ್ದರೆ, ನಾನು ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಕಾಕುವಿನ ನೆನಪಾಗಿ ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ...

ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಅವರ ಮಾಳಿಗೆಗೂ ನಮ್ಮ ಮಾಳಿಗೆಗೂ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ. ಕಾಕುವಿನ ತಲೆಯ ಮೇಲಿನ ಸೆರಗು ಸರಿದದ್ದನ್ನು ಆ ಮನೆಯ ಗಂಡಸರು ಕಂಡವರಲ್ಲ. ಅವರ ಭಾವ, ಅಂದರೆ ಗಂಡನ ಅಣ್ಣ, ಪಡಸಾಲೆಯಲ್ಲಿ ಕುಳಿತಿದ್ದರಂತೂ ಸೆರಗು ಹಣೆಯವರೆಗೆ ಇಳಿಯುತ್ತಿತ್ತು. ತಲೆಗೆ ಎರೆದುಕೊಂಡ ದಿನ ಮಾತ್ರ ಊಟ ಮುಗಿಸಿ ಮಾಳಿಗೆಗೆ ಬಂದು, ಸೆರಗು ತೆಗೆದು, ಅಷ್ಟುದ್ದದ ಕೂದಲನ್ನು ಬಿಸಿಲಿಗೆ ಹರಡಿ ಕೂರುತ್ತಿದ್ದರು. ಹತ್ತುವ ಮೊದಲು ಮೆಟ್ಟಿಲ ಮೇಲೊಂದು ತಂಬಿಗೆ ಇಟ್ಟಿರುತ್ತಿದ್ದರು. ತಂಬಿಗೆ ಕಂಡರೆ ಯಾವ ಗಂಡಸೂ ಮೇಲೆ ಬರುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ ಅದು, ಹಾಗೇ ನಡೆದುಕೊಂಡು ಬಂದಿತ್ತು.

“ಬಾರ ಯವ್ವಾ, ಈ ಹೊತ್ತಿನ್ಯಾಗ ನಾ ಯಾರ ಸೊಸಿನೂ ಅಲ್ಲ, ಯಾರ ಅವ್ವನೂ ಅಲ್ಲ,” ಎಂದು ನನ್ನನ್ನು ಕರೆಯುತ್ತಿದ್ದರು. ನಾನು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಈಚೆ ಕೂರುತ್ತಿದ್ದೆ. ಅವರಿಗೆ ದಿನದಲ್ಲಿ ಸ್ವಂತದ್ದು ಅಂತ ಇದ್ದದ್ದು ಆ ಬಿಸಿಲು ಒಂದೇ.

ಕಾಕುವಿನ ಮಗನ ಮದುವೆಗೆ ಮುಂಡರಗಿ ಕಡೆಯ ಸ್ಟುಡಿಯೋದವನನ್ನು ಕರೆಸಿದ್ದರು. ಹಂದರ ಹಾಕಿದ ದಿನ ಅವನು ಓಣಿಯಲ್ಲಿ ನಿಂತು ಡ್ರೋನ್ ಹಾರಿಸಿದ. ಮಾಳಿಗೆಯ ಮೇಲೆ ನಾವಿಬ್ಬರೂ ಇದ್ದೆವು. ಹೊಲಸಿನ ಮೇಲಿಂದ ಎದ್ದು ಬಂದ ನೊಣದ ಹಾಗೆ ಗುಂಯ್‌ಗುಡುತ್ತ ಅದು ಕಾಕುವಿನ ತಲೆಯ ಮೇಲೇ ನಿಂತಿತು. ಅವರು ಸೆರಗಿಗೆ ಕೈಹಾಕುವಷ್ಟರಲ್ಲಿ ಸುತ್ತು ಹಾಕಿ ಹೋಗಿಯೂ ಬಿಟ್ಟಿತು. ಮೆಟ್ಟಿಲು ಹತ್ತಿ ಬರುವವರಿಗೆ ತಂಬಿಗೆ ಕಾಣುತ್ತಿತ್ತು. ಇದು ಮೆಟ್ಟಿಲು ಹತ್ತಿ ಬಂದದ್ದಲ್ಲವಲ್ಲ...

ಮರುದಿನ ಮದುವೆಯ ಅಕ್ಕಿಕಾಳು ಬಿದ್ದ ಮೇಲೆ ಮಂಟಪದ ದೊಡ್ಡ ಪರದೆಯಲ್ಲಿ ವಿಡಿಯೋ ಹಾಕಿದರು. ಮೊದಲು ಹಂದರ, ಆಮೇಲೆ ಓಣಿ, ಆಮೇಲೆ ಕಾಕು. ಬಿಚ್ಚುಗೂದಲಿನಲ್ಲಿ, ನಿಧಾನಗತಿಯಲ್ಲಿ, ಹಿಂದೆ ಕೊಳಲು ಬೇರೆ. “ಕಾಕುಗ ಸಿನಿಮಾದಾಗ ಚಾನ್ಸ್ ಬಂತ್ ನೋಡ್ರಲೇ!” ಎಂದು ಯಾರೋ ಕೂಗಿದರು, ಸೀಟಿ ಬಿತ್ತು. ಮುಂದಿನ ಸಾಲಿನಲ್ಲಿದ್ದ ಭಾವನವರು ಕನ್ನಡಕ ತೆಗೆದು, ಅದೆಲ್ಲ ಮುಗಿಯುವವರೆಗೆ ಧೋತರದ ಚುಂಗಿನಿಂದ ಒರೆಸುತ್ತಲೇ ಇದ್ದರು. ಅವರು ಹಾಗೆ ಒರೆಸುವುದನ್ನು ಕಾಕು ನೋಡಿದರು. ಆ ಮುಖ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಊಟದ ಹೊತ್ತಿಗೆ ಸ್ಟುಡಿಯೋದವನನ್ನು ನಿಲ್ಲಿಸಿ, ಹೆಂಗಸರಿದ್ದ ಮಾಳಿಗೆಯ ಮೇಲೆ ಅದನ್ನು ಯಾಕೆ ಹಾರಿಸಿದೆ ಎಂದು ಕೇಳಿದೆ. ಅವನು ಹೋಳಿಗೆ ಮುರಿಯುತ್ತಲೇ, “ಅಕ್ಕಾರ, ಡ್ರೋನಿಗೇನು ಗಂಡು ಹೆಣ್ಣು ಗೊತ್ತಾಕ್ಕೈತೇನ್ರಿ? ಅದು ಮಷಿನ್,” ಎಂದ.

“ಮಷಿನ್ನಿಗೆ ಗೊತ್ತಿಲ್ಲೋ. ನಿನಗ ಗೊತ್ತಿತ್ತಿಲ್ಲೋ?”

“ನೀವೂ ಒಮ್ಮೆ ಕುಂಡ್ರಿ, ಛಂದ ತಗೀತೀನಿ.”

ಆ ತುಪ್ಪ ಮೆತ್ತಿದ ಬಾಯಿ ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಕಾಕು ಮತ್ತೆ ಮಾಳಿಗೆ ಹತ್ತಲಿಲ್ಲ. ಕತ್ತಲೆಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ತಲೆ ಒಣಗಿಸುತ್ತಿದ್ದರು. ಅಷ್ಟು ಕೂದಲು ಎಲ್ಲಿ ಒಣಗಬೇಕು... ಸದಾ ನೆಗಡಿ, ತಲೆನೋವು. ಕಡೆಗೆ ಒಂದು ದಿನ ಹೆಗಲ ಮಟ್ಟಕ್ಕೆ ಕತ್ತರಿಸಿಕೊಂಡುಬಿಟ್ಟರು. “ಹೊರಿ ಇಳೀತು ಬಿಡ ಯವ್ವಾ,” ಎಂದರು. ಹೋದ ವರ್ಷ ತೀರಿಕೊಂಡರು.

ನಿನ್ನೆ ಅವರ ವರ್ಷದ ಪೂಜೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಗೋಡೆಯರ್ಧ ತುಂಬುವ ಹೊಸ ಫೋಟೊ. ಆ ವಿಡಿಯೋದಿಂದಲೇ ತೆಗೆಸಿದ್ದು. ಮಾಳಿಗೆ, ಬಿಸಿಲು, ಬಿಚ್ಚಿದ ಕೂದಲು. “ಒಂದೊಂದು ಕೂದಲಾ ಎಣಸ್ಬೋದ್ರಿ, ಅಷ್ಟ್ ಕ್ಲಿಯರ್ ಬಂದೈತಿ,” ಎಂದ ಮಗ. ಅಕ್ಕರೆಯಿಂದಲೇ ಅಂದ, ಪಾಪ. ಅದರ ಎದುರಿನ ಕುರ್ಚಿಯಲ್ಲೇ ಭಾವನವರು ತಲೆ ತಗ್ಗಿಸಿ ಕುಳಿತಿದ್ದರು.

ನನ್ನ ಸರದಿ ಬಂದಾಗ ಸೇವಂತಿಗೆ ಮಾಲೆಯನ್ನು ಅಗಲ ಮಾಡಿ, ಕೂದಲು ಮುಚ್ಚುವ ಹಾಗೆ ತಲೆಯ ಮೇಲಿಂದ ಇಳಿಬಿಟ್ಟೆ. ಕೈಮುಗಿದು ಹಿಂದೆ ಸರಿಯುವಷ್ಟರಲ್ಲಿ ಸೊಸೆ ಬಂದಳು. “ಅತ್ತಿಯಾರು ಕಾಣವಲ್ರಲ್ರಿ ಆಂಟಿ,” ಎಂದು ಮಾಲೆಯನ್ನು ಪಕ್ಕಕ್ಕೆ ಸರಿಸಿ, ಎಲ್ಲ ಕಾಣುವಂತೆ ಮಾಡಿ, ನೈವೇದ್ಯ ತರಲು ಒಳಗೆ ಹೋದಳು.