ಬಾಣಂತಿ ಕೋಣೆಯ ಎರಡು ಕಿಂಡಿ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹುಟ್ಟಿದವರು ನಾನು ಬಲ್ಲಂತೆ ಒಂಬತ್ತು ಜನ. ನಾನೂ ಅವರಲ್ಲೊಬ್ಬ. ಹೊಸೂರು ಸೀಮೆಯ ಉದ್ದನಪಲ್ಲಿಯಿಂದ ಒಳಕ್ಕೆ ಹೋಗುವ ದಾರಿಯಲ್ಲಿರುವ ಆ ಮನೆಗೆ ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಬೇಸಿಗೆಯಲ್ಲಿ ಅಂಥ ಮನೆ ಇನ್ನೊಂದಿಲ್ಲ. ಆದರೆ ಕಾರ್ತಿಕದಲ್ಲಿ ಸೋನೆ ಹಿಡಿಯಿತೆಂದರೆ ಹಿಂದಿನ ಕೋಣೆಗೆ ಕಾಲಿಡುವುದೇ ಬೇಡ ಅನ್ನಿಸುತ್ತಿತ್ತು. ಗೋಡೆಯ ಬುಡದಿಂದ ತೇವ ಸೊಂಟದೆತ್ತರಕ್ಕೆ ಏರುತ್ತಿತ್ತು. ಚಪ್ಪಡಿ ಬೆವರಿ ಹನಿ ತೊಟ್ಟಿಕ್ಕುತ್ತಿತ್ತು. ಪೆಟ್ಟಿಗೆಯಲ್ಲಿಟ್ಟ ಸೀರೆಗೂ ಬೂಷ್ಟು ಹಿಡಿಯುತ್ತಿತ್ತು.

ನನ್ನ ಒಬ್ಬಳೇ ಮಗಳು ಏಳನೆಯ ತಿಂಗಳಿಗೆ ಹೆರಿಗೆಗೆಂದು ಸೂಳಗಿರಿಯ ಗಂಡನ ಮನೆಯಿಂದ ಬಂದಾಗ ನಾನು ಆ ಕೋಣೆಯನ್ನು ನೋಡಿದ್ದು ಹೊಸದಾಗಿ. ಚಳಿಗಾಲಕ್ಕೆ ಸರಿಯಾಗಿ ಹೆರಿಗೆ. ಮಗು ಈ ತೇವದಲ್ಲಿ ಮಲಗಬೇಕೇ?

ನನ್ನ ಕಸುಬು ಹೇಳಿಬಿಡುತ್ತೇನೆ. ನಾನು ಕೋಲ್ಡ್ ರೂಮ್ ಕಟ್ಟುವವನು. ಹೊಸೂರು ಸುತ್ತಮುತ್ತ ಗುಲಾಬಿ ಬೆಳೆಯುವವರು ಹೂವು ಬಾಡದಂತೆ ಇಡುವ ತಣ್ಣನೆಯ ಕೋಣೆಗಳು, ಕೃಷ್ಣಗಿರಿ ಕಡೆ ಮಾವು ಹಣ್ಣು ಮಾಡುವ ಕೋಣೆಗಳು. ಎರಡು ತಗಡಿನ ನಡುವೆ ಫೋಮ್ ತುಂಬಿದ ಪ್ಯಾನಲ್‌ಗಳನ್ನು ಒಂದಕ್ಕೊಂದು ಕೂಡಿಸಿ, ಸಂದಿಗೆ ಫೋಮ್ ಹೊಡೆದು, ಬಾಗಿಲಿಗೆ ರಬ್ಬರ್ ಪಟ್ಟಿ ಕೂರಿಸಿದರೆ ಒಳಗಿನ ಗಾಳಿ ಒಳಗೆ, ಹೊರಗಿನದು ಹೊರಗೆ. ಮೂವತ್ತು ವರ್ಷ ಇದನ್ನೇ ಮಾಡಿದ್ದೇನೆ. ಶೀತದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಂಬಿದ್ದೆ. ಯಾರಾದರೂ ಹೇಳಿಕೊಡಲು ಬಂದರೆ ರೇಗುತ್ತಿದ್ದೆ. ಅದು ನನ್ನ ಸ್ವಭಾವ, ಹೆಂಡತಿಯನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾಳೆ.

ಮೊದಲು ಗೋಡೆ. ಹಿಂದೊಮ್ಮೆ ನಾನೇ ಅದಕ್ಕೆ ಸಿಮೆಂಟು ಬಳಿಸಿದ್ದೆ, ಗಟ್ಟಿಯಾಗಲಿ ಅಂತ. ಕೆಡಿಸಿದ್ದೇ ಅದು. ಮಣ್ಣಿನ ಗೋಡೆ ನೆಲದಿಂದ ನೀರು ಕುಡಿಯುತ್ತದೆ, ಕುಡಿದದ್ದನ್ನು ಹೊರಗೆ ಬಿಡಬೇಕು, ಸಿಮೆಂಟು ಬಿಡಗೊಡುವುದಿಲ್ಲ. ಅದನ್ನೆಲ್ಲ ಉಳಿಯಿಂದ ಕೆತ್ತಿಸಿ, ಸುಣ್ಣದ ಗಾರೆ ಬಳಿಸಿದೆ. ಹೊರಗೆ ಗೋಡೆಯುದ್ದಕ್ಕೂ ಮೊಳದಾಳದ ಕಾಲುವೆ ತೋಡಿ ಜಲ್ಲಿ ತುಂಬಿ, ಸೂರಿನ ನೀರು ದೂರ ಹೋಗುವಂತೆ ಮಾಡಿದೆ. ಭಾದ್ರಪದ, ಆಶ್ವಯುಜ ಎರಡು ತಿಂಗಳು ಗೋಡೆ ಒಣಗಿತು. ಆಮೇಲೆ ಚಪ್ಪಡಿಯ ಕೆಳಗೆ ಪ್ಯಾನಲ್ ಹೊಂದಿಸಿದೆ, ಬೆವರು ನಿಂತಿತು. ಇಷ್ಟಕ್ಕೆ ಬಿಟ್ಟಿದ್ದರೆ ನಾನು ಜಾಣ.

ಮಗು ತಿಂಗಳ ಮುಂಚೆಯೇ ಹುಟ್ಟಿತು. ಹೆಣ್ಣು. ನನ್ನ ಎರಡು ಅಂಗೈ ಜೋಡಿಸಿದರೆ ಮಲಗುವಷ್ಟು. ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು ಕಳಿಸುವಾಗ ಡಾಕ್ಟರಮ್ಮ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು: ಬೆಚ್ಚಗಿರಬೇಕು, ಶೀತವಾದರೆ ತಡೆದುಕೊಳ್ಳುವ ಶಕ್ತಿ ಇದಕ್ಕಿಲ್ಲ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ತಾಯಿ ಮಗು ಮನೆಗೆ ಬರುವ ಮುನ್ನಾದಿನ ಬಾಗಿಲಿಗೆ ಕೋಲ್ಡ್ ರೂಮಿನ ರಬ್ಬರ್ ಪಟ್ಟಿ ಹಾಕಿದೆ, ಕಿಟಕಿಯ ಸಂದಿಗೆ ಫೋಮ್ ಹೊಡೆದೆ. ಕೊನೆಗೆ ಏಣಿ ಹಾಕಿ, ಚಪ್ಪಡಿಯ ಕೆಳಗೆ ಗೋಡೆಯಲ್ಲಿದ್ದ ಎರಡು ಕಿಂಡಿಗಳತ್ತ ಹೋದೆ. ಅಂಗೈ ಅಗಲದವು, ಎದುರುಬದುರು.

ಕೆಳಗೆ ಏಣಿ ಹಿಡಿದು ನಿಂತಿದ್ದ ಅವ್ವ ಅಂದಳು, "ಅದನ್ನ ಮುಚ್ಚಬ್ಯಾಡ ಕಣ್ಲಾ."

"ಯಾಕೆ?"

"ಯಾಕೋ ನಂಗೊತ್ತಿಲ್ಲ. ನಮ್ಮತ್ತೆ ಬಾಗ್ಲು ಕಿಟ್ಕಿ ಎಲ್ಲಾ ಹಾಕ್ಸೋರು, ಕಿಂಡಿಗೆ ಮಾತ್ರ ಬಟ್ಟೆ ತುರುಕಕ್ಕೆ ಬುಡ್ತಿರ್ಲಿಲ್ಲ."

"ಬಾಣಂತಿಗೆ ಗಾಳಿ ಸೋಕಬಾರ್ದು ಅನ್ನೋಳೂ ನೀನೇ, ಕಿಂಡಿ ಮುಚ್ಚಬ್ಯಾಡ ಅನ್ನೋಳೂ ನೀನೇ. ಯಾವ್ದಾದ್ರೂ ಒಂದು ಯೋಳವ್ವ."

ನಾನು ಫೋಮ್ ಒತ್ತಿದೆ. ಅದು ಉಬ್ಬಿ, ಕಿಂಡಿ ತುಂಬಿ, ಗಟ್ಟಿಯಾಯಿತು. ಇಳಿದು ಬಾಗಿಲು ಹಾಕಿದೆ. ಪುಸ್ಸೆಂದು ಗಾಳಿ ಹಿಂಡಿದ ಸದ್ದು ಬಂತು. ಮೂವತ್ತು ವರ್ಷ ನನಗೆ ಖುಷಿ ಕೊಟ್ಟ ಸದ್ದು ಅದು. ಹೆಂಡತಿಯನ್ನು ಕರೆದು ಇನ್ನೊಂದು ಸಲ ಹಾಕಿ ತೋರಿಸಿದೆ.

ಬಾಣಂತನ ಅವ್ವನ ಕೈಯಲ್ಲಿ ನಡೆಯಿತು. ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ನೀರು ಹಾಕುವಳು. ಆಮೇಲೆ ಮಗಳಿಗೆ. ಇಬ್ಬರನ್ನೂ ಕೋಣೆಗೆ ಸೇರಿಸಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಚಿಟಿಕೆ ಸಾಂಬ್ರಾಣಿ ಹಾಕಿ, ಕೂದಲಿಗೆ ಹೊಗೆ ಹಿಡಿದು, ಹೊದಿಸಿ ಮಲಗಿಸಿ ಬರುವಳು. ಕೆಂಡ ಅಲ್ಲೇ ಮೂಲೆಯಲ್ಲಿ ಇರುತ್ತಿತ್ತು. ನನ್ನನ್ನೂ ನನ್ನ ತಂಗಿಯರನ್ನೂ ಹೀಗೇ ಬೆಳೆಸಿದ್ದು. ನಾನು ದಿನವೂ ಆ ಕೆಂಡ ನೋಡಿದೆ. ನನ್ನ ಕಣ್ಣಿಗೆ ಅದು ಬಿಸಿ ಮಾತ್ರ.

ಅವರು ಮನೆಗೆ ಬಂದ ನಾಲ್ಕನೆಯ ದಿನ ಸೋನೆ ಹಿಡಿಯಿತು. ಕೊಯ್ದ ರಾಗಿ ಹೊಲದಲ್ಲೇ ನೆನೆಯುತ್ತಿತ್ತು, ಊರಿಗೆ ಊರೇ ಆಕಾಶ ನೋಡಿ ಶಪಿಸುತ್ತಿತ್ತು. ನಾನು ಮಾತ್ರ ಒಣ ಗೋಡೆಯ ಮೇಲೆ ಅಂಗೈ ಇಟ್ಟು ಓಡಾಡುತ್ತಿದ್ದೆ. ಆವತ್ತು ಮಗಳು ತಲೆನೋವು ಅಂದಳು. ಕಿವಿಗೆ ಗಾಳಿ ಹೊಕ್ಕಿರಬೇಕು ಎಂದು ಅವ್ವ ಹತ್ತಿ ಇಟ್ಟು, ಮರುದಿನ ಇನ್ನೊಂದು ಸೌಟು ಕೆಂಡ ಹೆಚ್ಚು ಹಾಕಿದಳು. ಆವತ್ತು ಮಧ್ಯಾಹ್ನ ಮಗಳು ಊಟ ಬೇಡ, ಹೊಟ್ಟೆ ತೊಳೆಸುತ್ತೆ ಅಂದಳು.

"ಈ ರೂಮ್‌ನಲ್ಲಿ ತಲೆ ಭಾರ ಆಗುತ್ತೆ ಅಪ್ಪಾ," ಎಂದಳು. "ಬಾಗ್ಲು ಸ್ವಲ್ಪ ತೆಗೆದಿಡ್ಲಾ?"

"ಹೊರಗೆ ಎಂಥಾ ಥಂಡಿ ಅದೆ, ನೋಡ್ದೇನು? ಮಗೀಗೆ ಶೀತ ಆದ್ರೆ ಏನ್ಮಾಡ್ತೀಯ?" ಎಂದು ಗದರಿ ನಾನೇ ಬಾಗಿಲು ಹಾಕಿದೆ. ಪುಸ್ಸೆಂದಿತು.

ಸೋನೆ ಹಿಡಿದ ಮೂರನೆಯ ದಿನ, ಮಳೆಗೆ ಕೆಲಸ ನಿಂತು ನಾನು ಮನೆಯಲ್ಲೇ ಇದ್ದೆ. ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದೆ, ಹೊತ್ತು ಹನ್ನೆರಡಾಗಿರಬೇಕು. ಮೊದಲು ನನಗೆ ತಟ್ಟಿದ್ದು ಸದ್ದಿಲ್ಲದಿರುವುದು. ಮಗು ಹಾಲಿಗೆ ಅಳುವ ಹೊತ್ತು ಮೀರಿತ್ತು.

"ಕೂಸು ಎದ್ದಿಲ್ವಾ?" ಎಂದು ಅವ್ವನನ್ನು ಕೇಳಿದೆ.

ಅವರೆಕಾಯಿ ಬಿಡಿಸುತ್ತಿದ್ದ ಅವ್ವ, "ಬೆಚ್ಚಗೆ ಮಲಗವ್ರೆ ಬುಡು. ನಿದ್ದೆ ಕೆಡಿಸಬ್ಯಾಡ," ಎಂದಳು.

ಇನ್ನೆರಡು ಗುಟುಕು ಕುಡಿದೆ. ಕೂರಲಾಗಲಿಲ್ಲ. ಎದ್ದು ಬಾಗಿಲ ಬಳಿ ಮಗಳನ್ನು ಕರೆದೆ. ಉತ್ತರವಿಲ್ಲ. ಬಾಗಿಲು ತಟ್ಟಿದೆ. ಎಳೆದೆ. ನಾನೇ ಕೂರಿಸಿದ ರಬ್ಬರ್ ಮೊದಲ ಎಳೆತಕ್ಕೆ ಬಿಡಲಿಲ್ಲ. ಎರಡನೆಯದಕ್ಕೆ ಬಂತು.

ಕೋಣೆ ಹಿತವಾಗಿ ಬೆಚ್ಚಗಿತ್ತು. ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ. ಮೂಲೆಯಲ್ಲಿ ಕೆಂಡ ಬೂದಿ ಹೊದ್ದು ಮಿನುಗುತ್ತಿತ್ತು. ಮಗಳ ಮುಖ ಕೆಂಪಾಗಿತ್ತು, ದಿಂಬಿನ ಮೇಲೆ ವಾಂತಿ. ಅಲುಗಾಡಿಸಿದೆ, ಕಣ್ಣು ಅರ್ಧ ತೆರೆದು ನನ್ನನ್ನು ನೋಡದೆ ಮತ್ತೆ ಮುಚ್ಚಿದಳು. ಮಗುವನ್ನು ಎತ್ತಿದೆ. ಅದರ ಕೈ ಬಟ್ಟೆಯ ಹಾಗೆ ಜೋತುಬಿತ್ತು.

ಆಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು: ಕೆಂಡದ ವಿಷಗಾಳಿ, ನಾನು ಮುಚ್ಚಿದ ಕಿಂಡಿ. ತಿಳಿಯದ ವಿಷಯವೇನೂ ಅಲ್ಲ. ಮಾವಿನ ಕೋಣೆ ಕಟ್ಟಿಕೊಟ್ಟು ಬೀಗದ ಕೈ ಕೊಡುವಾಗ ಪ್ರತಿಯೊಬ್ಬರಿಗೂ ನಾನೇ ಹೇಳುತ್ತೇನೆ: ಹಣ್ಣೂ ಉಸಿರಾಡುತ್ತದೆ, ದಿನಕ್ಕೊಮ್ಮೆ ತೆರೆದು ಕೆಟ್ಟ ಗಾಳಿ ಹೊರಗೆ ಬಿಡಿ, ಒಬ್ಬರೇ ಒಳಗೆ ಹೋಗಬೇಡಿ. ಮಾವಿನಕಾಯಿಗೆ ಹೇಳಿದ ಬುದ್ಧಿ ನನ್ನ ಮಗಳಿಗೆ ಇಲ್ಲವಾಯಿತು.

ಮಗುವನ್ನು ಎದೆಗವುಚಿಕೊಂಡು ಅಂಗಳಕ್ಕೆ ಓಡಿದೆ. ಸೋನೆಯಲ್ಲಿ, ಕೊರೆಯುವ ಗಾಳಿಯಲ್ಲಿ. ಹಿಂದಿನಿಂದ ಅವ್ವ, "ಗಾಳಿಗೆ ತರಬ್ಯಾಡ ಕಣ್ಲಾ, ಸತ್ತೋಯ್ತದೆ," ಎಂದು ಕೂಗುತ್ತ ಬಂದು ನನ್ನ ತೋಳು ಹಿಡಿದಳು. ನಾನು ಅವಳನ್ನು ತಳ್ಳಿದೆ. ಅವ್ವನನ್ನು ತಳ್ಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ಮಗುವನ್ನು ಹೆಂಡತಿಯ ಕೈಗೆ ಕೊಟ್ಟು, "ಬಯಲಲ್ಲೇ ನಿಂತ್ಕೋ, ಮುಖ ಮುಚ್ಚಬ್ಯಾಡ," ಎಂದು ಹೇಳಿ ಒಳಗೆ ಹೋಗಿ ಮಗಳ ಎರಡೂ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದು ತಂದೆ. ಅವಳ ಹಿಮ್ಮಡಿ ಹೊಸಿಲಿಗೆ ಬಡಿದ ಸದ್ದು ಇನ್ನೂ ಕೇಳಿಸುತ್ತದೆ.

ಮಗು ಅಳಲಿಲ್ಲ. ಹೆಂಡತಿ ಅಂಗಾಲು ಉಜ್ಜುತ್ತಿದ್ದಳು. ನಾನು ಅದರ ಮೂಗಿನ ಬಳಿ ಬೆರಳಿಟ್ಟೆ. ಬೆರಳಿಗೆ ತಗುಲಿದ್ದು ಅದರ ಉಸಿರೋ, ಬೀಸುತ್ತಿದ್ದ ಗಾಳಿಯೋ, ತಿಳಿಯಲಿಲ್ಲ. ಅದರ ಕೆನ್ನೆಯ ಮೇಲೆ ಮಳೆಹನಿ ಬೀಳುತ್ತಿತ್ತು, ಒರೆಸುವುದೂ ಹೊಳೆಯಲಿಲ್ಲ. ಆಮೇಲೆ ಮುಖ ಕಿವುಚಿತು. ಬೆಕ್ಕಿನ ಮರಿಯಷ್ಟು ಸಣ್ಣಗೆ ಒಂದು ಸ್ವರ ಬಂತು.

ಪಕ್ಕದ ಮನೆಯವರ ವ್ಯಾನಿನಲ್ಲಿ ಕಿಟಕಿಗಳನ್ನೆಲ್ಲ ತೆರೆದು ಹೊಸೂರಿಗೆ ಹೋದೆವು. ಸಾನಮಾವು ಕಾಡಿನ ರಸ್ತೆಯಲ್ಲಿ ಆನೆ ದಾಟುತ್ತಿದೆಯೆಂದು ಗಾಡಿಗಳನ್ನು ನಿಲ್ಲಿಸಿದ್ದರು. ನಾನು ಇಳಿದು ಕೈಮುಗಿದು, ಕೂಗಾಡಿ, ದಾರಿ ಬಿಡಿಸಿಕೊಂಡೆ. ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಾಕಿದರು. ಸಂಜೆಯ ಹೊತ್ತಿಗೆ ಮಗಳು ನೀರು ಕೇಳಿದಳು. ಮಗು ಹಾಲು ಕುಡಿಯಿತು.

ಅದಾದ ಮೇಲೆ ಡಾಕ್ಟರಮ್ಮ ನಮ್ಮನ್ನು ಕರೆದು, ರೂಮಿನಲ್ಲಿ ಇದ್ದಿಲು ಹಾಕಿದವರು ಯಾರು ಎಂದು ತಮಿಳಿನಲ್ಲಿ ಕೇಳಿದರು.

"ನಾನ್ ದಾಮ್ಮಾ," ಎಂದಳು ಅವ್ವ, ನಾನೇ ಹಾಕಿದ್ದಮ್ಮಾ ಅಂತ.

ಡಾಕ್ಟರಮ್ಮ ಅವಳನ್ನು ಬಯ್ದರು. ಈ ಕಾಲದಲ್ಲೂ ಹೀಗೆ ಮಾಡುತ್ತೀರಲ್ಲ, ಇನ್ನರ್ಧ ಗಂಟೆ ಹೋಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದರು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಆಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿ, ಕೋಣೆಗೆ ಗಾಳಿಯಾಡಲು ಏನೂ ಇರಲಿಲ್ಲವೇ ಎಂದು ಕೇಳಿದರು.

"ಹಳೇ ಮನೆ ಡಾಕ್ಟರೇ," ಎಂದೆ. "ಕಿಂಡಿ ಇದೆ."

ಅವ್ವನಿಗೆ ತಮಿಳು ಚೆನ್ನಾಗಿ ಬರುತ್ತದೆ. ನಾನು ಹೇಳಿದ್ದು ಅವಳಿಗೆ ಕೇಳಿಸಿತು. ಸೆರಗನ್ನು ಬಾಯಿಂದ ತೆಗೆಯಲಿಲ್ಲ. ಅದೇ ವಾರ್ಡಿನ ಕಡೆಯ ಹಾಸಿಗೆಯಲ್ಲಿ ಮಲಗಿದ್ದ ಮಗಳಿಗೂ ಕೇಳಿಸಿತು.

ಮನೆಗೆ ಬಂದ ಮೇಲೆ ಅವರಿಬ್ಬರನ್ನೂ ನಡುಮನೆಯಲ್ಲಿ ಮಲಗಿಸಿದೆವು. ಅವ್ವ ಅಗ್ಗಿಷ್ಟಿಕೆಯನ್ನು ತೊಳೆದು ದನದ ಕೊಟ್ಟಿಗೆಯಲ್ಲಿಟ್ಟಳು. ಮಗಳು ಅವಳೊಂದಿಗೆ ಜಗಳವೇನೂ ಆಡಲಿಲ್ಲ. ಅಜ್ಜಿ, ಊಟ ಆಯ್ತಾ ಎಂದು ಕೇಳುತ್ತಿದ್ದಳು. ಆದರೆ ಅವ್ವ ಕೈ ಚಾಚಿದಾಗಲೆಲ್ಲ, ಈಗ ತಾನೇ ಮಲಗಿದೆ, ಈಗ ಹಾಲು ಕುಡಿಸಬೇಕು ಎಂದು ಏನಾದರೂ ಹೇಳುತ್ತಿದ್ದಳು. ಸ್ನಾನವನ್ನು ನನ್ನ ಹೆಂಡತಿಗೆ ವಹಿಸಿದಳು. ಹೆಂಡತಿಗೆ ಅಷ್ಟು ಸಣ್ಣ ಕೂಸನ್ನು ಕಾಲಿನ ಮೇಲೆ ಹಾಕಿಕೊಳ್ಳಲು ಭಯ, ಪ್ಲಾಸ್ಟಿಕ್ ಟಬ್ಬಿನಲ್ಲಿ ಒರೆಸಿ ಮುಗಿಸುತ್ತಿದ್ದಳು. ನಾನು ಇದನ್ನೆಲ್ಲ ಹತ್ತು ದಿನ ನೋಡಿದೆ. ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದೆ. ನನ್ನ ಕೆಲಸದ ಬಗ್ಗೆ ಊರೆಲ್ಲ ಮಾತಾಡುವ ನನಗೆ ಅದೊಂದು ಮಾತಿಗೆ ಬಾಯಿ ಬರಲಿಲ್ಲ. ನಾಚಿಕೆ ಎನ್ನುತ್ತಿದ್ದೆ. ಅದು ಹೇಡಿತನ.

ಹನ್ನೊಂದನೆಯ ದಿನ ಬೆಳಿಗ್ಗೆ ಬಚ್ಚಲ ಕಡೆ ಹೋದೆ. ಅವ್ವ ಒಲೆಯ ಮುಂದೆ ಮಣೆ ಹಾಕಿಕೊಂಡು, ಸೀರೆ ಮಂಡಿಗೇರಿಸಿ, ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಬಟ್ಟಲಲ್ಲಿ ಎಣ್ಣೆ. ಕಾಲಿನ ಮೇಲೆ ಏನೂ ಇರಲಿಲ್ಲ. ಹಿತ್ತಲಲ್ಲಿ ಟಬ್ಬಿನ ಸದ್ದು ಕೇಳುತ್ತಿತ್ತು.

ನಾನು ಏಣಿ ತಂದು ಹಿಂದಿನ ಕೋಣೆಗೆ ಹಾಕಿದೆ. ಉಳಿಯಿಂದ ಫೋಮ್ ಕೆತ್ತಿ ತೆಗೆದೆ. ಮೊದಲ ಕಿಂಡಿ ತೆರೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಕೆಳಗೆ ನೋಡಿದರೆ ಅವ್ವ ಬಂದು ಏಣಿ ಹಿಡಿದು ನಿಂತಿದ್ದಳು.

"ತಪ್ಪು ನಂದವ್ವ," ಎಂದೆ. "ನಿಂದಲ್ಲ."

"ಗೊತ್ತು ಕಣ್ಲಾ," ಎಂದಳು. "ಆಸ್ಪತ್ರೇಲೇ ಗೊತ್ತಿತ್ತು. ನಂಗೆ ಯೋಳಿ ಏನು ಬಂತು? ನನ್ನ ಕೈಗೆ ಕೂಸು ಕೊಡ್ದಿರೋಳು ಅವಳು. ಅವಳ್ಗೆ ಯೋಳು."

ಎರಡನೆಯ ಕಿಂಡಿಯನ್ನೂ ತೆರೆದು ಇಳಿದು ಹಿತ್ತಲಿಗೆ ಹೋದೆ. ಮಗಳ ಎದುರು ನಿಂತು, ಕಿಂಡಿ ಮುಚ್ಚಬೇಡ ಎಂದು ಅಜ್ಜಿ ಹೇಳಿದ್ದನ್ನೂ, ನಾನು ಅವಳನ್ನು ಆಡಿಕೊಂಡು ಮುಚ್ಚಿದ್ದನ್ನೂ, ಡಾಕ್ಟರ ಮುಂದೆ ನಾನು ಹೇಳಿದ್ದು ಸುಳ್ಳು ಎಂಬುದನ್ನೂ ಹೇಳಿದೆ. ಹೆಂಡತಿಯ ಕೈ ನೀರಿನಲ್ಲೇ ನಿಂತಿತು.

"ಹತ್ತು ದಿವ್ಸ ಅಪ್ಪಾ," ಎಂದಳು ಮಗಳು. ಅಷ್ಟೇ.

ಟಬ್ಬಿನಿಂದ ಮಗುವನ್ನು ಎತ್ತಿ ಟವೆಲಿನಲ್ಲಿ ಸುತ್ತಿಕೊಂಡು ಬಚ್ಚಲಿಗೆ ನಡೆದಳು. ನಾನು ಹಿಂದೆ ಹೋದೆ. ಅವ್ವ ಅಷ್ಟರಲ್ಲಿ ಮತ್ತೆ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮಗಳು ಬಗ್ಗಿ, ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿದಳು.

ಅವ್ವ ಕೂಸಿನ ಎದೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಬಟ್ಟಲಿಗೆ ಬೆರಳದ್ದಿ, ನನ್ನ ಕಡೆ ನೋಡದೆ, "ಎಣ್ಣೆ ಆರೋಯ್ತು," ಎಂದಳು. "ಬಿಸಿ ಮಾಡ್ಕೊಂಡು ಬಾ."

ನಾನು ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋದೆ.